ಸೀಳುಬಿದ್ದ ಗಳ ಮತ್ತು ಹಳೆಯ ಕಾರು

ಡ್ರೈವಿಂಗ್ ಪರೀಕ್ಷೆಯ ಮೈದಾನದಲ್ಲಿ, ಕಾರುಗಳು ಹಿಂದಕ್ಕೆ ಬಂದು ನಿಲ್ಲಬೇಕಾದ ಮೂಲೆಯಲ್ಲಿ, ಗುರುತಿಗೆಂದು ಎರಡು ಬಿದಿರ ಗಳಗಳನ್ನು ನೆಟ್ಟಿದ್ದರು. ಗುದ್ದಿಸಿಕೊಂಡು ಗುದ್ದಿಸಿಕೊಂಡು ಒಂದರ ಸೊಂಟ ಸೀಳುಬಿಟ್ಟಿತ್ತು. ಇನ್ನೊಂದು ಏಟು ಬಿದ್ದರೆ ತನಗೆ ಚಹಾದಂಗಡಿಯ ಒಲೆಯೇ ಗತಿ ಎಂದು ಅದಕ್ಕೆ ಗೊತ್ತಿತ್ತು.

ಅಂದು ಹೊಸ ಕಾರೊಂದು, ಪೂಜೆಗೆ ಚಕ್ರದಡಿ ಒಡೆದ ನಿಂಬೆಹಣ್ಣಿನ ವಾಸನೆ ಇನ್ನೂ ಆರಿರಲಿಲ್ಲ, ಒಂದೇ ಓಟಕ್ಕೆ ಹಿಂದೆ ನುಗ್ಗಿ ಪಕ್ಕದ ಗಳವನ್ನು ಮುರಿದುಹಾಕಿತು. ಅದರ ಬೆನ್ನಿಗೇ ಡ್ರೈವಿಂಗ್ ಶಾಲೆಯ ಹಳೆಯ ಕಾರು ಬಂತು. ಅದರ ಮೈತುಂಬ ತಗ್ಗುಗಳು.

ಸೀಳುಬಿದ್ದ ಗಳ ಕೂಗಿತು. "ಅಕ್ಕಾ, ನಿನ್ನ ಮೈ ನೋಡಿದರೇ ನನಗೆ ಜೀವ ಹೋಗುತ್ತದೆ. ನೋಡಿಕೊಂಡು ಬಾ."

"ನೋಡಿಕೊಂಡೇ ಬರುತ್ತಿದ್ದೇನೆ ತಮ್ಮಾ," ಎಂದು ಕಾರು ಇರುವೆಯಂತೆ ಹಿಂದೆ ಸರಿಯಿತು. ಅರ್ಧ ದಾರಿಯಲ್ಲಿ ಕೊಂಚ ವಾರೆಯಾಯಿತು. ಅಲ್ಲೇ ನಿಂತು, ನಾಚದೆ ಒಂದು ಮಾರು ಮುಂದೆ ಹೋಗಿ, ಚಕ್ರ ನೆಟ್ಟಗೆ ಮಾಡಿಕೊಂಡು ಮತ್ತೆ ಬಂತು.

"ಒಂದೇ ಸಲಕ್ಕೆ ಬರಲಾರದ ಮುದುಕಿ!" ಎಂದು ಹೊಸ ಕಾರು ನಕ್ಕಿತು.

ಹಳೆಯ ಕಾರಿನ ಗಮನವೆಲ್ಲ ಬೆನ್ನ ಹಿಂದೆಯೇ ಇತ್ತು. ಗಳಕ್ಕೆ ಒಂದು ಗೇಣು ಉಳಿದಾಗ ಅದು ನಿಂತಿತು. ಗಳದ ತುದಿಯಲ್ಲಿ ಕೂತಿದ್ದ ಗುಬ್ಬಿ ರೆಕ್ಕೆ ಕೂಡ ಬಿಚ್ಚಲಿಲ್ಲ.

"ಇಷ್ಟು ಹತ್ತಿರ ಬಂದು ಇಷ್ಟು ಮೆಲ್ಲಗೆ ನಿಂತವರನ್ನು ನಾನು ಕಂಡೇ ಇಲ್ಲ, ಅಕ್ಕಾ. ಯಾರು ಕಲಿಸಿದರು?"

"ನಿನ್ನ ಅಣ್ಣಂದಿರೇ," ಎಂದಿತು ಕಾರು. "ನೀನಿರುವ ಜಾಗದಲ್ಲಿ ನಿಂತಿದ್ದ ಒಬ್ಬೊಬ್ಬರೂ ನನ್ನ ಬೆನ್ನ ಮೇಲೆ ಒಂದೊಂದು ಪಾಠ ಬರೆದು ಮುರಿದುಹೋದರು. ಅದನ್ನೇ ಮತ್ತೆ ನಿನ್ನಿಂದ ಬರೆಸಿಕೊಂಡರೆ ಅವರಿಗೆ ನಾನು ಯಾವ ಮುಖ ತೋರಿಸಲಿ?"