ದೊಡ್ಡ ತಿದಿ, ಸಣ್ಣ ಬುಟ್ಟಿ

"ಹೊಸ ಪಂಪ್ ಕೂಡಿಸೀನಿ, ಅದೂ ಮೊದಲಿಂದಕ್ಕಿಂತ ಎರಡು ಪಟ್ಟು ದೊಡ್ಡದು. ಇನ್ನೂ ಯಾಕ ಗಾಡಿ ಬಿಡವಲ್ರಿ ಕಾಕಾ?" ಎಂದು ಹೊನ್ನೂರಸಾಬ ಕೇಳಿದ.

ಕೇಳಿದ್ದು ಗದಗಿನ ಒಂದು ಗ್ಯಾರೇಜಿನಲ್ಲಿ, ಅದರ ಯಜಮಾನ ನಿಜಗುಣಪ್ಪನನ್ನು. ಊರೆಲ್ಲ ಅವನನ್ನು ಕಾಕಾ ಎನ್ನುತ್ತದೆ. ಘಟಪ್ರಭೆಯಿಂದ ತುಂಗಭದ್ರೆಯವರೆಗೆ ತನ್ನ ಸಮಾನ ಮೆಕ್ಯಾನಿಕ್ ಹುಟ್ಟಿಲ್ಲವೆಂಬುದು ಕಾಕಾನ ಅಭಿಪ್ರಾಯ. ಒಮ್ಮೆ ತಾನು ಕೆಮ್ಮಿದ್ದಕ್ಕೆ ಮೂರು ಓಣಿಯಾಚೆ ಕೆಟ್ಟು ನಿಂತಿದ್ದ ಲಾರಿ ಚಾಲೂ ಆಯಿತೆಂದು ಅವನೇ ಹೇಳಿದ್ದಾನೆ. ಸಾಕ್ಷಿ ಕೇಳಿದವರಿಗೆ ಇನ್ನೊಮ್ಮೆ ಕೆಮ್ಮಿ ತೋರಿಸುತ್ತಾನೆ.

ಹೊನ್ನೂರಸಾಬ ಅವನ ಕೈಕೆಳಗೆ ನಾಲ್ಕು ವರ್ಷ ಕೆಲಸ ಕಲಿತವನು. ಇಪ್ಪತ್ತೆರಡು ವರ್ಷದ ಟರ್ಬೊ ಕಾರೊಂದನ್ನು ಗುಜರಿಯಿಂದ ಎತ್ತಿ ತಂದು, ಒಂದು ವರ್ಷದ ಭಾನುವಾರಗಳನ್ನೆಲ್ಲ ಅದರ ಮೇಲೆ ಸುರಿದಿದ್ದ. ಮೊನ್ನೆ ಗಾಳಿ ಊದುವ ಆ ಟರ್ಬೊದ ಒತ್ತಡ ಏರಿಸಿದ. ಇಂಜಿನ್ನಿನೊಳಗೆ ಮೊದಲಿಗಿಂತ ಹೆಚ್ಚು ಗಾಳಿ ನುಗ್ಗತೊಡಗಿತು. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು, ಇಲ್ಲದಿದ್ದರೆ ಇಂಜಿನ್ ಒಳಗೇ ಕಾದು ಸುಡುತ್ತದೆ, ಅಷ್ಟು ಅವನೂ ಬಲ್ಲ. ಅದಕ್ಕೇ ದೊಡ್ಡ ಪಂಪ್ ತಂದದ್ದು.

ಈ ಭಾನುವಾರ ಊರಾಚೆಯ ಟ್ರ್ಯಾಕಿನಲ್ಲಿ ಹಳೆಯ ಕಾರುಗಳ ಓಟವಿತ್ತು. ಬರುತ್ತೇನೆಂದು ಅವನು ಚಹಾದಂಗಡಿಯಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದ. ಆದರೆ ಶುಕ್ರವಾರ ಬೆಳಿಗ್ಗೆ ಕಾಕಾ ಬಾನೆಟ್ ಎತ್ತಿ ಒಂದು ಗಳಿಗೆ ನೋಡಿದ, ಕೀಲಿ ಕಿತ್ತುಕೊಂಡ, ತನ್ನ ಉಡಿದಾರಕ್ಕೆ ಗಂಟು ಹಾಕಿಕೊಂಡ. ಆ ಇಂಜಿನ್ ಸುಟ್ಟರೆ ಇನ್ನೊಂದು ಸಿಗುವಂತಿರಲಿಲ್ಲ. ಮಾಡಿದ ಕಂಪನಿಯೇ ಅದನ್ನು ಮರೆತು ಹದಿನೈದು ವರ್ಷವಾಗಿತ್ತು.

"ಕುಂದರು," ಎಂದ ಕಾಕಾ. "ಒಬ್ಬ ಕಮ್ಮಾರನ ಕತಿ ಹೇಳ್ತೀನಿ. ನಾನ ಕಣ್ಣಾರೆ ಕಂಡಿದ್ದು."

"ಯಾವಾಗ ಕಂಡ್ರಿ?"

"ಹುಟ್ಟೂಕಿಂತ ಮೊದಲ."

ಕಾಕಾ ಹೇಳಿದ ಕತೆ ಇದು.

ಒಬ್ಬ ಕಮ್ಮಾರನಿದ್ದ. ಅವನ ಕುಲುಮೆಗೆ ಗಾಳಿ ಊದುವ ತಿದಿ ಸಣ್ಣದು. ಒಂದು ದಿನ ಒಬ್ಬ ವ್ಯಾಪಾರಿ ನಲವತ್ತು ಚಕ್ಕಡಿ ತಂದು ಅವನ ಅಂಗಳದಲ್ಲಿ ಬಿಟ್ಟ. ಎಂಬತ್ತು ಗಾಲಿಗೂ ಹೊಸ ಕಬ್ಬಿಣದ ಪಟ್ಟಿ ಬೇಕಿತ್ತು. "ಅಮಾವಾಸ್ಯೆಯೊಳಗೆ ಮುಗಿಸಿದರೆ ಇನ್ನು ಮುಂದೆ ನನ್ನ ಕೆಲಸವೆಲ್ಲ ನಿನ್ನದು. ಆಗದಿದ್ದರೆ ಮುಂದಿನ ಊರಿನಲ್ಲೂ ಒಬ್ಬ ಕಮ್ಮಾರನಿದ್ದಾನೆ" ಎಂದ.

ಕಮ್ಮಾರ ಹಳೆಯ ತಿದಿ ಎಸೆದ. ಹನ್ನೆರಡು ಎಮ್ಮೆಯ ಚರ್ಮ ಹೊಲಿಸಿ ಹೊಸದು ಮಾಡಿಸಿದ. ಅದನ್ನು ಒಮ್ಮೆ ಒತ್ತಿದರೆ ಪಕ್ಕದ ಊರಿನ ದೀಪಗಳು ಆರುತ್ತಿದ್ದವು. ಎರಡು ಸಲ ಒತ್ತಿದರೆ ಅದರಾಚೆಯ ಊರಿನ ಕೋಳಿಗಳು ಪುಕ್ಕವಿಲ್ಲದೆ ಮನೆಗೆ ಬರುತ್ತಿದ್ದವು. ಆ ಕೋಳಿಗಳ ಮರಿಮಕ್ಕಳು ಇಂದಿಗೂ ತುಸು ಗಾಳಿ ಬೀಸಿದರೆ ಸಾಕು, ನಾಚಿ ಗೂಡು ಸೇರುತ್ತವೆ.

ಹಿತ್ತಲಿನ ಗುಂಡಿಯಿಂದ ಇದ್ದಿಲು ಹೊತ್ತು ತರುವವಳು ಕಮ್ಮಾರನ ಹೆಂಡತಿ. ಅವಳ ಬುಟ್ಟಿ ಹಳೆಯದೇ ಉಳಿಯಿತು.

ಕಮ್ಮಾರ ಮೊದಲ ಪಟ್ಟಿಯ ತುದಿಗಳನ್ನು ಬೆಸೆಯಲು ಬೆಂಕಿಗಿಟ್ಟು ತಿದಿ ಒತ್ತಿದ. ಕೆಂಪಗಿದ್ದ ಬೆಂಕಿ ಹಳದಿಯಾಯಿತು. ಹಳದಿ ಹೋಗಿ ಹಾಲಿನ ಹಾಗೆ ಬೆಳ್ಳಗಾಯಿತು. ಅಂಥ ಬೆಂಕಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಕುಣಿದ. ಓಣಿಯ ಮಂದಿಯನ್ನೆಲ್ಲ ಕರೆದು ತೋರಿಸಿದ. ಅವರು ಭಲೆ ಎನ್ನುವಷ್ಟರಲ್ಲಿ ಕಬ್ಬಿಣ ಸುರುಸುರು ಬತ್ತಿಯಂತೆ ಕಿಡಿ ಕಾರಿ ಸುಟ್ಟುಹೋಯಿತು.

"ಗಾಳಿ ಹನ್ನೆರಡು ಎಮ್ಮೆಯದು, ಇದ್ದಿಲು ನನ್ನೊಬ್ಬಳ ತಲೆಯದು" ಎಂದಳು ಹೆಂಡತಿ.

ಕಮ್ಮಾರ ತೊಟ್ಟಿಲಿನಷ್ಟು ದೊಡ್ಡ ಬುಟ್ಟಿ ಹೆಣೆಸಿ ತಂದ. ಅದು ಕುಲುಮೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೆಂಡತಿ ಓರೆ ಮಾಡಿದಳು, ಅರ್ಧ ಹೊರಗೆ ಚೆಲ್ಲಿತು. ಎರಡನೆಯ ಪಟ್ಟಿ ಸುಟ್ಟಿತು. ಅವನು ಬಾಗಿಲು ಒಡೆದು ಅಗಲ ಮಾಡಿದ. ಬುಟ್ಟಿ ಸರಾಗವಾಗಿ ಒಳಗೆ ಬಂತು. ಆದರೆ ದೊಡ್ಡ ಬುಟ್ಟಿ ಗುಂಡಿಯ ತಳವನ್ನೇ ಕೆರೆದು ತಂದಿತ್ತು. ಅವನ ಅಜ್ಜನ ಕಾಲದಿಂದ ಅಲ್ಲಿ ಕೂತಿದ್ದ ಕಲ್ಲು, ಮಣ್ಣು, ಒಂದು ಕಳೆದುಹೋದ ಸುತ್ತಿಗೆ, ಎಲ್ಲ ಒಲೆಗೆ ಬಿತ್ತು. ಇದ್ದಿಲಿಗೆ ಜಾಗವಿಲ್ಲದಾಯಿತು. ಮೂರನೆಯದೂ ಹೋಯಿತು.

ಅಂಗಳದಲ್ಲಿ ವ್ಯಾಪಾರಿ ಎತ್ತುಗಳ ಹೆಗಲಿಗೆ ನೊಗ ಏರಿಸತೊಡಗಿದ.

ಕಮ್ಮಾರ ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಡತಿ ಆ ಕೈಗಳ ನಡುವೆ ಬುಟ್ಟಿ ಇಟ್ಟಳು. "ಹೇಗೂ ಕೈಗಳು ಅಲ್ಲೇ ಇವೆ. ಗುಂಡಿಯಿಂದ ಒಲೆಯ ತನಕ ನೀವೇ ಒಂದು ಸಲ ಹೊತ್ತು ಬನ್ನಿ" ಎಂದಳು.

ಕಮ್ಮಾರ ಬುಟ್ಟಿ ಹೊತ್ತದ್ದನ್ನು ಕಂಡು ವ್ಯಾಪಾರಿ ನೊಗ ಇಳಿಸಿ ನಿಂತ. ಅಂಥದ್ದನ್ನು ಯಾರು ಬಿಟ್ಟು ಹೋಗುತ್ತಾರೆ? ನಲವತ್ತು ವರ್ಷದಲ್ಲಿ ಕಮ್ಮಾರ ಆ ದಾರಿ ನಡೆದದ್ದು ಅದೇ ಮೊದಲು. ಗುಂಡಿಯ ರಾಡಿಯಲ್ಲಿ ಕಾಲು ಹೂತುಹೋಯಿತು. ಹೊಸ್ತಿಲಲ್ಲಿ ಎಡವಿದ. ಒಳಗೆ ಬಂದರೆ ಅವನ ಹೊಸ ತಿದಿಯೇ ದಾರಿಗೆ ಅಡ್ಡ ಮಲಗಿತ್ತು. ಅವನಿಗೆ ನಗು ತಡೆಯಲಿಲ್ಲ. ನಗುತ್ತಲೇ ಗುಂಡಿ ತೋಡಿ ತೊಳೆದ, ಹೊಸ್ತಿಲು ಕಿತ್ತ, ತಿದಿ ಸರಿಸಿದ. ಅದಕ್ಕೇ ಮೂರು ದಿನ ಹಿಡಿಯಿತು. ಆಮೇಲೆ ಒಂದು ಪಟ್ಟಿಯೂ ಸುಡಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ನಲವತ್ತು ಚಕ್ಕಡಿಗಳು ಹೊಸ ಪಟ್ಟಿಯ ಮೇಲೆ ಗಡಗಡ ಹೊರಟವು. ವ್ಯಾಪಾರಿ ಕಮ್ಮಾರನ ಬೆನ್ನು ತಟ್ಟಿದ, ಅವನ ಹೆಂಡತಿಗೆ ಕೈ ಮುಗಿದ.

ಕತೆ ಮುಗಿಸಿ ಕಾಕಾ ಒಮ್ಮೆ ಕೆಮ್ಮಿದ. ಎಲ್ಲೂ ಯಾವ ಲಾರಿಯೂ ಚಾಲೂ ಆಗಲಿಲ್ಲ.

ಹೊನ್ನೂರಸಾಬ ನಕ್ಕ. ತಾನು ತಂದ ಪಂಪ್ ಬರೀ ಒಂದು ದೊಡ್ಡ ಬುಟ್ಟಿ ಎಂದು ಅವನಿಗೆ ತಿಳಿಯಿತು. ಪೆಟ್ರೋಲ್ ಹೋಗುವ ಪೈಪ್ ಕಿರುಬೆರಳಿನಷ್ಟು ಸಣ್ಣದು, ಫಿಲ್ಟರ್ ಹಳೆಯದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳು ಕಾರಿನ ಜೊತೆಗೇ ಹುಟ್ಟಿದವು. ಟ್ಯಾಂಕಿನ ತಳವನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ಎಲ್ಲ ಬಿಚ್ಚಿ ಜೋಡಿಸಲು ನಾಲ್ಕು ದಿನವಾದರೂ ಬೇಕು. ಭಾನುವಾರಕ್ಕೆ ಎರಡೇ ದಿನವಿತ್ತು.

"ತಿಳೀತ್ರಿ ಕಾಕಾ. ಟ್ಯಾಂಕ್ ತೊಳಿಯೂದು, ಪೈಪ್ ಬದಲಿ ಮಾಡೂದು, ಎಲ್ಲಾ ಓಟ ಮುಗಿಸಿ ಸೋಮವಾರ ಹಿಡೀತೀನಿ. ಆದ್ರ ನಮ್ಮ ಗಾಡಿ ಆ ಕಮ್ಮಾರನ ಒಲಿಯಂಗ ಅಲ್ರಿ. ನಿನ್ನೆ ಸಂಜಿಮುಂದ ಬೈಪಾಸಿಗೆ ಒಯ್ದಿದ್ದೆ. ಮೂರನೇ ಗೇರಿನ್ಯಾಗ ಏನ್ ಎಳೀತು ಅಂತೀರಿ. ಒಂದು ವರ್ಷದಾಗ ಒಂದು ದಿನಾನೂ ಹಂಗ ಎಳದಿರಲಿಲ್ಲ. ಚಹಾದಂಗಡಿ ಮಂದಿ ಎಲ್ಲಾ ಹೊರಗ ಬಂದು ನೋಡಿದ್ರು."

ಕಾಕಾ ಉಡಿದಾರದ ಗಂಟು ಬಿಚ್ಚಿ, ಕೀಲಿಯನ್ನು ಅವನ ಅಂಗೈಯಲ್ಲಿಟ್ಟ.

"ಕಮ್ಮಾರ ಮಂದೀನ ಕರದು ತೋರಿಸಿದ್ದೂ ಇದ ಬೆಂಕಿ, ಹೊನ್ನೂರಾ."

ಹೊನ್ನೂರಸಾಬ ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಟ್ಯಾಂಕ್ ಇಳಿಸಲು ಪಾನಾ ಎತ್ತಿಕೊಂಡ.