ಸಿಂಗಾರಿ ಬರೆದ ಗುಂಡಿ

ಒಂದು ಕಾಡಿಗೆ ಪೇಟೆಯಿಂದ ಹೊಸದಾಗಿ ಒಂದು ಹೆಣ್ಣು ಮುಸುವ ಕೋತಿ ಬಂದು ಸೇರಿತು. ಅದರ ಹೆಸರು ಸಿಂಗಾರಿ. ಪೇಟೆಯಲ್ಲಿ ಒಬ್ಬ ಚಿತ್ರಗಾರನಿದ್ದ. ಅವನು ಬೀದಿಗೋಡೆಯ ಮೇಲೆ ಬಾಗಿಲು ಬರೆದರೆ ಜನ ಬಂದು ತಟ್ಟಿ ನೋಡುತ್ತಿದ್ದರು. ಎದುರಿನ ಮರದಲ್ಲಿ ಕೂತು ನೋಡಿ ನೋಡಿಯೇ ಸಿಂಗಾರಿ ಆ ವಿದ್ಯೆ ಕಲಿತಿತ್ತು.

ಕಾಡಿಗೆ ಬಂದ ಮೇಲೆ ಕೈ ಸುಮ್ಮನಿರಬೇಕಲ್ಲ! ಇದ್ದಿಲು, ಕೆಮ್ಮಣ್ಣು, ಬಿಳಿ ಜೇಡಿ, ಸೊಪ್ಪಿನ ರಸ ಎಲ್ಲ ಕೂಡಿಸಿಕೊಂಡು ಒಂದು ಹಾಸುಬಂಡೆಯ ಮೇಲೆ ಝುಳುಝುಳು ಹರಿಯುವ ತೊರೆ ಬರೆಯಿತು. ಆ ದಾರಿಯಲ್ಲಿ ಬಂದ ನರಿಯೊಂದು ಬಾಯಾರಿ ನಾಲಿಗೆ ಚಾಚಿತು. ಒಣಕಲ್ಲಿಗೆ ತಾಗಿ ನಾಲಿಗೆ ಉರಿಯಿತು. ಸಿಂಗಾರಿ ಬಾಲ ಕುಣಿಸಿ ನಕ್ಕಿತು. ನರಿ ನಗಲಿಲ್ಲ. ಅದರ ತಲೆಯಲ್ಲಿ ಆಗಲೇ ಬೇರೊಂದು ಲೆಕ್ಕಾಚಾರ ಓಡುತ್ತಿತ್ತು.

"ಸಿಂಗಾರಕ್ಕಾ, ನಿನ್ನ ಕೈಯಿಂದ ಒಂದು ಪುಣ್ಯದ ಕೆಲಸ ಆಗಬೇಕು" ಎಂದಿತು ನರಿ. "ಆ ಎರಡು ಬಂಡೆಗಳ ನಡುವಿನ ದಾರಿಯ ಆಚೆ ಚಿರತೆ ಬಂದು ಸೇರಿಕೊಂಡಿದೆ. ಮರಿಗಳು ಹೇಳಿದರೆ ಕೇಳುವುದಿಲ್ಲ. ದಾರಿಗೆ ಅಡ್ಡವಾಗಿ ಒಂದು ಆಳವಾದ ಗುಂಡಿ ಬರೆದುಬಿಡು. ಚಿತ್ರ ಅಂತ ಮಾತ್ರ ಯಾರಿಗೂ ಹೇಳಬೇಡ."

ಹೊಸ ಊರಿನಲ್ಲಿ ಮೊದಲ ಕೆಲಸವೇ ಮರಿಗಳನ್ನು ಕಾಯುವ ಕೆಲಸ! ಸಿಂಗಾರಿ ಉಬ್ಬಿಹೋಯಿತು. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಬರೆಯಿತು. ಅಂಚಿನಲ್ಲಿ ಕುಸಿಯುತ್ತಿರುವ ಮಣ್ಣು, ಅದರಿಂದ ಜೋತುಬಿದ್ದ ಬೇರುಗಳು, ಕೆಳಗೆ ಕಗ್ಗತ್ತಲು. ಬರೆದು ಮುಗಿಸಿದಾಗ ಅದಕ್ಕೇ ಕಾಲಿಡಲು ಅಳುಕಾಯಿತು.

ಕೆಲವು ದಿನ ಕಳೆದವು. ಒಂದು ಸಂಜೆ ಸಿಂಗಾರಿ ಆ ಕಡೆ ಹೋಯಿತು. ಅಲ್ಲಿ ನರಿ ಕಾಲು ಚಾಚಿ ಮಲಗಿತ್ತು. ಮೊಲ ಅದರ ಬೆನ್ನು ಕೆರೆಯುತ್ತಿತ್ತು. ಜಿಂಕೆ ಸೊಪ್ಪಿನಿಂದ ಗಾಳಿ ಬೀಸುತ್ತಿತ್ತು.

"ಇದೇನು ಮೊಲಕ್ಕಾ?" ಎಂದು ಸಿಂಗಾರಿ ಮೆಲ್ಲಗೆ ಕೇಳಿತು.

"ಏನು ಮಾಡೋಣ ತಾಯಿ, ನೇರಳೆ ತೋಪು ಗುಂಡಿಯ ಆಚೆ ಉಳಿಯಿತು. ನರಿಯಪ್ಪನಿಗೆ ಮಂತ್ರ ಸಿದ್ಧಿಸಿದೆ. ಗಾಳಿಯ ಮೇಲೆ ನಡೆದು ದಾಟುತ್ತಾನೆ. ಸೇವೆ ಮಾಡಿದರೆ ನಾಲ್ಕು ಹಣ್ಣು ತಂದುಕೊಡುತ್ತಾನೆ. ಮರಿಗಳ ಹೊಟ್ಟೆ ನೋಡಬೇಕಲ್ಲ."

ಸಿಂಗಾರಿಗೆ ನರಿಯ ಆಟ ಅರ್ಥವಾಯಿತು. ಚಿರತೆಯೂ ಇಲ್ಲ, ಮಂತ್ರವೂ ಇಲ್ಲ. ತಾನು ಆಸೆಪಟ್ಟು ಬರೆದ ಚಿತ್ರ ಮರಿಗಳ ಬಾಯಿಂದ ಹಣ್ಣು ಕಸಿದಿದೆ!

ಮರುದಿನ ಮಧ್ಯಾಹ್ನ ನರಿ ಹೊಟ್ಟೆ ಬಿರಿಯುವಂತೆ ತಿಂದು ತೋಪಿನಲ್ಲಿ ಗೊರಕೆ ಹೊಡೆಯುತ್ತಿತ್ತು. ಸಿಂಗಾರಿ ಎಲ್ಲರನ್ನೂ ಕರೆಯಿತು. ಎಲ್ಲರೂ ನೋಡುತ್ತಿದ್ದಂತೆ ಗುಂಡಿಗೆ ಹಾರಿತು. "ಅಯ್ಯೋ!" ಎಂದು ಮೊಲ ಕಣ್ಣು ಮುಚ್ಚಿಕೊಂಡಿತು. ಕಣ್ಣು ಬಿಟ್ಟರೆ ಸಿಂಗಾರಿ ಕತ್ತಲಿನ ಮೇಲೆ ನಿಂತಿದೆ!

"ಇದು ಬರೀ ಬಣ್ಣ. ಬರೆದವಳು ನಾನೇ. ನರಿಯ ಮಾತು ನಂಬಿ ಕೆಟ್ಟೆ, ಕ್ಷಮಿಸಿ" ಎಂದಿತು. ಅದರ ಕಣ್ಣು ತುಂಬಿತ್ತು.

ಕಾಡುಹಂದಿ ಗುಟುರು ಹಾಕಿ ನಕ್ಕಿತು. "ಅಳಬೇಡ ಮಗಳೇ. ಚಿತ್ರ ಚೆನ್ನಾಗಿದೆ. ಸ್ವಲ್ಪ ಆಳ ಕಡಿಮೆಯಾಗಿದೆ, ಅಷ್ಟೇ. ಅದನ್ನು ನಾನು ಸರಿಮಾಡುತ್ತೇನೆ!"

ಹಂದಿ ಮೂತಿಯಿಂದ ಅಗೆಯಿತು. ಮೊಲಗಳು ಮಣ್ಣು ಕೆದರಿ ಹಾಕಿದವು. ತಳದಲ್ಲಿ ನೀರು ಒಸರಿತು; ಜಿಂಕೆ ಆ ಕೆಸರು ತುಳಿದು ಹದ ಮಾಡಿತು. ಸಿಂಗಾರಿ ಒಳಗೋಡೆಗೆಲ್ಲ ಇದ್ದಿಲು ಬಳಿಯಿತು. ಚಿತ್ರದ ಗುಂಡಿ ಇದ್ದ ಜಾಗದಲ್ಲೇ, ಅದೇ ರೂಪದ ನಿಜವಾದ ಗುಂಡಿ ಸಿದ್ಧವಾಯಿತು.

ಸಂಜೆ ನರಿ ಬಂತು. ಆಚೆ ದಡದಲ್ಲಿ ನಿಂತು, "ಎಲ್ಲರೂ ತಲೆ ಬಾಗಿಸಿ! ಮಂತ್ರ ಹೇಳುತ್ತೇನೆ" ಎಂದು ಗದರಿತು.

"ನರಿಯಣ್ಣಾ, ನಿಂತುಕೋ! ಕಾಲಿಡಬೇಡ, ಗುಂಡಿ ಇದೆ!" ಎಂದು ಸಿಂಗಾರಿ ಕೂಗಿ ಹೇಳಿತು.

"ನನಗೇ ಹೇಳಿಕೊಡುತ್ತೀಯಾ? ಅಂಥ ಗುಂಡಿ ಎಷ್ಟು ದಾಟಿಲ್ಲ ನಾನು!" ನರಿ ಕಣ್ಣು ಮುಚ್ಚಿತು. ಎದೆಯುಬ್ಬಿಸಿ ಮುಂದೆ ಹೆಜ್ಜೆಯಿಟ್ಟಿತು.

ದಬಾರ್!

ಕುತ್ತಿಗೆಯವರೆಗೂ ಕೆಸರು. ಕಿವಿ, ಮೂಗು, ಮೀಸೆ ಎಲ್ಲ ಕೆಸರು. ಕಾಡಿಗೆ ಕಾಡೇ ಬಿದ್ದು ಬಿದ್ದು ನಕ್ಕಿತು. ಮೊಲದ ಮರಿಯೊಂದು ಬಗ್ಗಿ ನೋಡಿ, "ಮಂತ್ರ ಮರೆತುಹೋಯಿತೇ ಮಾಮಾ?" ಎಂದು ಕೇಳಿತು. ನಕ್ಕು ನಕ್ಕು ಸಾಕಾದ ಮೇಲೆ ಹಂದಿಯೇ ನರಿಯ ಬಾಲ ಹಿಡಿದು ಮೇಲೆಳೆದು ಹಾಕಿತು. ಗುಂಡಿ ಮುಚ್ಚಿ, ಎಲ್ಲರೂ ಹೋ ಎಂದು ನೇರಳೆ ತೋಪಿಗೆ ನುಗ್ಗಿದರು. ಮರಿಗಳ ನಾಲಿಗೆಯೆಲ್ಲ ನೀಲಿಯಾಯಿತು.

ಆಮೇಲೆ ಸಿಂಗಾರಿ ಆ ದಾರಿಯ ತುಂಬ ತಾವರೆಕೊಳ ಬರೆಯಿತು. ಮರಿಗಳು ಅದರ ಮೇಲೆ ಈಜುವ ಆಟ ಆಡುತ್ತಿದ್ದವು. ನರಿ ಮಾತ್ರ ಅಂದಿನಿಂದ ಎಲ್ಲಿಗೆ ಹೊರಟರೂ, ಬರೀ ನೆಲವಿದ್ದರೂ, ಒಂದು ಕಾಲು ಮುಂದೆ ಚಾಚಿ ಮುಟ್ಟಿ ನೋಡಿಯೇ ಇನ್ನೊಂದು ಕಾಲೆತ್ತುತ್ತಿತ್ತು.

ನೀತಿ: ನಂಬಿದವರ ಕಣ್ಣಿಗೆ ಮಣ್ಣೆರಚಿ ಬದುಕುವವನು ಕೊನೆಗೆ ತನ್ನ ಕಣ್ಣನ್ನೇ ನಂಬಲಾರದವನಾಗುತ್ತಾನೆ.