ಪಥ್ಯ ತಪ್ಪಿದವರು

“ಗುರುಗಳೇ, ರೋಗ ವಾಸಿಯಾಗುವುದನ್ನು ಕಣ್ಣಾರೆ ಕಂಡ ಮೇಲೂ ಔಷಧಿಯನ್ನು ಪರೀಕ್ಷೆಗೆ ಒಡ್ಡಬೇಕೇ?” ಎಂದು ಶಿಷ್ಯ ಕೇಳಿದ.

ಶಿಷ್ಯ ಹೋಮಿಯೋಪತಿ ಓದಿದವನು. ಪೇಟೆಯಲ್ಲಿ ಅವನದೊಂದು ಚಿಕ್ಕ ಕ್ಲಿನಿಕ್ಕು ಇತ್ತು, ಜನ ಬರುತ್ತಿದ್ದರು. ದೂರದ ಒಂದು ಕಾಲೇಜಿನವರು ಅವನಿಗೆ ಪತ್ರ ಬರೆದಿದ್ದರು. ನಿಮ್ಮ ಗುಳಿಗೆಗಳ ಮೇಲೆ ಸಂಶೋಧನೆ ಮಾಡುತ್ತೇವೆ, ನಿಮ್ಮ ರೋಗಿಗಳನ್ನು ಸೇರಿಸಿಕೊಳ್ಳಲು ಒಪ್ಪಿಗೆ ಕೊಡಿ ಎಂದು. ಅವನಿಗೆ ಮನಸ್ಸಿರಲಿಲ್ಲ. ಆಗದು ಎಂದು ಬರೆಯುವುದಕ್ಕೆ ಗುರುಗಳ ಒಂದು ಮಾತು ಸಿಕ್ಕಿದರೆ ಸಾಕೆಂದು ಮಠಕ್ಕೆ ಬಂದಿದ್ದ.

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ನೀವೇ ಹೇಳ್ತಿರ್ತೀರಿ,” ಎಂದೂ ಸೇರಿಸಿದ.

“ಅಂಗೈ ಹುಣ್ಣಿಗೆ ಬೇಡಪ್ಪ. ಬೆನ್ನಿನ ಹುಣ್ಣಿಗೆ ಬೇಕಾಗುತ್ತೆ,” ಎಂದರು ಗುರುಗಳು. “ಕೂತುಕೋ, ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ.”

ಗುರುಗಳು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನು ಕೊಡುತ್ತಿದ್ದದ್ದು ಸಾಸಿವೆಗಿಂತ ಕೊಂಚ ದಪ್ಪನೆಯ ಬಿಳಿಯ ಸಿಹಿ ಗುಳಿಗೆ. ಒಂದು ತೊಟ್ಟು ಮೂಲ ಔಷಧಿಯನ್ನು ನೂರು ತೊಟ್ಟು ಸ್ಪಿರಿಟ್ಟಿಗೆ ಹಾಕಿ ಕುಲುಕುವುದು. ಅದರಲ್ಲಿ ಒಂದು ತೊಟ್ಟು ತೆಗೆದು ಇನ್ನೊಂದು ನೂರಕ್ಕೆ ಹಾಕಿ ಕುಲುಕುವುದು. ಹೀಗೆ ಮೂವತ್ತು ಸಲ ಮಾಡಿ, ಕೊನೆಗೆ ಉಳಿದದ್ದನ್ನು ಸಕ್ಕರೆ ಗುಳಿಗೆಗೆ ಸವರುವುದು. ತೆಳುವಾದಷ್ಟೂ ಔಷಧಿಗೆ ಬಲ ಬರುತ್ತದೆ ಎಂದು ಅವನಿಗೆ ಕಲಿಸಿದವರು ಹೇಳಿದ್ದರು. ಅವನು ನಂಬಿದ್ದ. ಮನುಷ್ಯ ಮೋಸಗಾರನಲ್ಲ. ಬಂದವರನ್ನು ಅರ್ಧ ಗಂಟೆ ಎದುರಿಗೆ ಕೂರಿಸಿಕೊಂಡು, ನಿದ್ದೆ ಹೇಗೆ, ಕನಸು ಎಂಥದ್ದು ಬೀಳುತ್ತದೆ, ಬಿಸಿ ಇಷ್ಟವೋ ತಣ್ಣಗಿನದೋ ಎಂದೆಲ್ಲ ಕೇಳುತ್ತಿದ್ದ. ಅಷ್ಟು ಹೊತ್ತು ಯಾರಾದರೂ ನಮ್ಮ ಮಾತು ಕೇಳಿಸಿಕೊಂಡರೆ ಅರ್ಧ ನೋವು ಅಲ್ಲೇ ಇಳಿಯುತ್ತದೆ. ಒಳ್ಳೆಯ ಕೈಗುಣ ಎಂದು ಸುತ್ತ ಹತ್ತೂರಿನಲ್ಲಿ ಅವನಿಗೆ ಹೆಸರು.

ಅವನ ಔಷಧಿಗೆ ಕಟ್ಟುನಿಟ್ಟಿನ ಪಥ್ಯವಿತ್ತು. ಕಾಫಿ ಕೂಡದು. ಈರುಳ್ಳಿ, ಬೆಳ್ಳುಳ್ಳಿ ಕೂಡದು. ಕರ್ಪೂರದ ವಾಸನೆ ಮೂಗಿಗೆ ಬೀಳಕೂಡದು, ಬಿದ್ದರೆ ಗುಳಿಗೆಯ ಬಲ ಹಾರಿಹೋಗುತ್ತದೆ. ವಾಸಿಯಾಗದೆ ಮರಳಿ ಬಂದವರನ್ನು ಅವನು ಎಂದೂ ಬೈಯುತ್ತಿರಲಿಲ್ಲ. “ಪಥ್ಯ ಏನಾದ್ರೂ ತಪ್ಪಿತೇನಮ್ಮಾ?” ಎಂದು ಮೆಲ್ಲಗೆ ಕೇಳುತ್ತಿದ್ದ. ತಪ್ಪಿಯೇ ಇರುತ್ತಿತ್ತು. ಈರುಳ್ಳಿ ಒಗ್ಗರಣೆಯ ಗಾಳಿ ಸೋಕದೆ ಒಂದು ಮಂಡಲ ಕಳೆಯಬೇಕೆಂದರೆ ಊರು ಬಿಟ್ಟು ಗುಡ್ಡ ಹತ್ತಬೇಕು. ಅವರು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದರು. ಇವನು ಕ್ಷಮಿಸಿ ಮತ್ತೊಂದು ಸೀಸೆ ಕೊಡುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಕೈಮುಗಿದು, ಹೌದು ಸ್ವಾಮಿ, ನಾನೇ ಡೊಂಕು ಎನ್ನುತ್ತಿತ್ತು.

ವೈದ್ಯನಿಗೆ ಒಬ್ಬಳೇ ಮಗಳು. ಆರು ವರ್ಷದವಳು. ಒಂದು ಸಲ ಅವಳಿಗೆ ಜ್ವರ ಬಂದು, ಎದೆ ಕಟ್ಟಿ, ಉಸಿರಾಡುವುದೇ ಕಷ್ಟವಾಯಿತು. ಅಪ್ಪನೇ ಗುಳಿಗೆ ಕೊಟ್ಟ. ಅಮ್ಮ ಒಲೆಯ ಮೇಲೆ ಕಾಫಿ ಇಡಲಿಲ್ಲ, ಈರುಳ್ಳಿ ಹೆಚ್ಚಲಿಲ್ಲ. ಐದನೆಯ ದಿನ ಮಗು ತೀರಿಕೊಂಡಿತು. ಮಣ್ಣು ಮಾಡಿ ಬಂದ ಮೇಲೆ ವೈದ್ಯ, ವಾಸಿಯಾಗದೆ ಬಂದವರನ್ನು ಕೇಳುವ ಹಾಗೆಯೇ, ಹೆಂಡತಿಯನ್ನೂ ಮೆಲ್ಲಗೆ ಕೇಳಿದ.

“ಪಥ್ಯ ಏನಾದ್ರೂ ತಪ್ಪಿತಾ?”

“ಮೂರನೇ ದಿನ ಭಯ ಆಯ್ತು,” ಎಂದಳು ಆಕೆ. “ಮಗೂನ ಉಳಿಸಿಕೊಡಪ್ಪಾ ಅಂತ ದೇವರಿಗೆ ಕರ್ಪೂರ ಹಚ್ಚಿಬಿಟ್ಟೆ.”

ವೈದ್ಯ ಅವಳನ್ನೂ ಕ್ಷಮಿಸಿದ. ಒಂದು ಕೆಟ್ಟ ಮಾತು ಆಡಲಿಲ್ಲ. ಆದದ್ದು ಆಗಿಹೋಯಿತು, ಯಾರಿಗೂ ಹೇಳಬೇಡ ಎಂದ. ಅಂದಿನಿಂದ ಇಪ್ಪತ್ತು ವರ್ಷ ಆ ಮನೆಯಲ್ಲಿ ಮಂಗಳಾರತಿಯಾಗಲಿಲ್ಲ. ದೇವಸ್ಥಾನಕ್ಕೆ ಹೋದರೂ ಆರತಿಯ ಹೊತ್ತಿಗೆ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದುಬಿಡುತ್ತಿದ್ದಳು. ಎಂಥ ಜಂಭ ನೋಡಿ ಇವಳಿಗೆ ಎಂದು ಊರ ಹೆಂಗಸರು ಆಡಿಕೊಂಡರು. ಮಗಳನ್ನು ಕೈಯಾರೆ ಕೊಂದೆನೆಂದು ನಂಬಿ ಬದುಕುತ್ತಿದ್ದ ತಾಯಿ, ಯಾರಿಗೆ ಏನೆಂದು ಹೇಳಿಯಾಳು?

ಹೀಗಿರುವಾಗ ಒಬ್ಬ ಸಂಶೋಧಕಿ ಆ ಊರಿಗೆ ಬಂದಳು. ನಿಮ್ಮ ಔಷಧಿಯನ್ನು ಪರೀಕ್ಷೆ ಮಾಡಬೇಕು ಎಂದಳು. ವೈದ್ಯ ಸಂತೋಷದಿಂದ ಒಪ್ಪಿದ. ನಿನ್ನ ಹಾಗೆ ಹಿಂದೆ ಮುಂದೆ ನೋಡಲಿಲ್ಲ. ಅವನ ನಂಬಿಕೆ ನಿನ್ನದಕ್ಕಿಂತ ಗಟ್ಟಿ.

ಕೀಲುನೋವಿನವರು ನೂರು ಜನ ಸೇರಿದರು. ನೂರು ಸೀಸೆ, ನೋಡುವುದಕ್ಕೆ ಎಲ್ಲ ಒಂದೇ, ಮೇಲೆ ಬರಿಯ ನಂಬರು. ಐವತ್ತರಲ್ಲಿ ವೈದ್ಯ ತನ್ನ ಕೈಯಿಂದ ತಯಾರಿಸಿದ ಗುಳಿಗೆ. ಐವತ್ತರಲ್ಲಿ ಬರೀ ಸಕ್ಕರೆ ಗುಳಿಗೆ. ಸೀಸೆ ತುಂಬಿದವನು ಬೇರೆ ಊರಿನವನು, ತುಂಬಿಟ್ಟು ಹೊರಟುಹೋದ. ಯಾವ ನಂಬರಿನಲ್ಲಿ ಯಾವುದಿದೆ ಎಂಬ ಪಟ್ಟಿಯನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಶಾಲೆಯ ಹೆಡ್‌ಮಾಸ್ತರರ ಬೀರುವಿನಲ್ಲಿ ಇಟ್ಟರು. ನುಂಗುವವರಿಗೂ ಗೊತ್ತಿಲ್ಲ, ಕೊಡುವವನಿಗೂ ಗೊತ್ತಿಲ್ಲ, ಕೇಳಿ ಬರೆದುಕೊಳ್ಳುವವಳಿಗೂ ಗೊತ್ತಿಲ್ಲ.

ವೈದ್ಯ ಒಂದೇ ಒಂದು ಷರತ್ತು ಹಾಕಿದ. “ಪಥ್ಯ ತಪ್ಪಿದವರನ್ನು ಬೇರೆ ಬರೆದಿಡಬೇಕು. ಅವರ ತಪ್ಪನ್ನು ನನ್ನ ಔಷಧಿಯ ತಲೆಗೆ ಕಟ್ಟಬಾರದು.”

“ಆಗಲಿ ಡಾಕ್ಟ್ರೇ, ಅದನ್ನೂ ಬರೆಯೋಣ,” ಎಂದಳು ಸಂಶೋಧಕಿ.

ಸೋತರೆ ವೈದ್ಯನ ಹೆಸರು ಹೋಗುತ್ತದೆ ಎಂದು ಊರಿನವರು ಮಾತಾಡಿಕೊಂಡರು. ಹೆಸರಿನದೇನು, ಇವತ್ತು ಹೋದರೆ ನಾಳೆ ಬರುತ್ತದೆ. ಪಣಕ್ಕಿದ್ದದ್ದು ಬೇರೆ. ಗುಳಿಗೆಯಲ್ಲಿ ಬಲವಿದ್ದರೆ ತಾನೇ ಕರ್ಪೂರ ಅದನ್ನು ಕೆಡಿಸುವುದು? ಬಲವೇ ಇಲ್ಲದಿದ್ದರೆ ಆ ಹೆಂಗಸು ಇಪ್ಪತ್ತು ವರ್ಷ ಹೊತ್ತದ್ದು ಯಾರ ತಪ್ಪು? ಇದು ವೈದ್ಯನಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಅಷ್ಟು ಸುಲಭವಾಗಿ ಒಪ್ಪುತ್ತಿದ್ದನೋ ಇಲ್ಲವೋ.

ಒಂದು ಮಂಡಲ ಕಳೆಯಿತು. ಅರವತ್ತೊಂದು ಜನ ನೋವು ಕಡಿಮೆಯಾಯಿತು ಎಂದರು. ಮೂವತ್ತೊಂಬತ್ತು ಜನ ಇಲ್ಲ ಎಂದರು. ವೈದ್ಯ ಈ ಮೂವತ್ತೊಂಬತ್ತು ಜನರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದ. ಮೂವತ್ತಾರು ಜನ ಒಪ್ಪಿಕೊಂಡರು. ಒಬ್ಬ ಮುದುಕ ಮದುವೆಮನೆಯಲ್ಲಿ ಒಂದೇ ಒಂದು ಗುಟುಕು ಕಾಫಿ ಕುಡಿದಿದ್ದ. ಒಬ್ಬ ಹೆಂಗಸು, ಪಕ್ಕದ ಮನೆಯವರು ಈರುಳ್ಳಿ ಹುರಿಯುವಾಗ ಕಿಟಕಿ ಮುಚ್ಚಲು ಮರೆತೆ, ನನ್ನ ಕರ್ಮ, ಎಂದು ಅತ್ತೇ ಬಿಟ್ಟಳು. ವೈದ್ಯ ಅವಳನ್ನು ಸಮಾಧಾನ ಮಾಡಿ ಕಳಿಸಿದ. ಅವನ ಮುಖ ಅರಳಿತ್ತು. ನಾನು ಹೇಳಿರಲಿಲ್ಲವೇ, ವಾಸಿಯಾಗದವರೆಲ್ಲ ಪಥ್ಯ ಬಿಟ್ಟವರು ಎಂದ.

ಮಾರನೆಯ ದಿನ ಬೆಳಿಗ್ಗೆ ಶಾಲೆಯಲ್ಲಿ ಲಕೋಟೆ ಒಡೆದರು. ಹೆಡ್‌ಮಾಸ್ತರರು ಒಂದೊಂದೇ ನಂಬರು ಓದಿದರು, ಸಂಶೋಧಕಿ ಗುರುತು ಹಾಕುತ್ತ ಹೋದಳು. ನೋವು ಇಳಿದ ಅರವತ್ತೊಂದು ಜನರಲ್ಲಿ ವೈದ್ಯನ ಔಷಧಿ ತಿಂದವರು ಮೂವತ್ತೊಂದು. ಬರೀ ಸಕ್ಕರೆ ತಿಂದವರು ಮೂವತ್ತು.

ವೈದ್ಯ ಇನ್ನೊಂದು ಸಲ ಓದಿ ಎಂದ. ಓದಿದರು. ಅಷ್ಟೇ ಬಂತು.

ಕೀಲುನೋವು ಒಂದು ತಿಂಗಳು ಏರುತ್ತದೆ, ಒಂದು ತಿಂಗಳು ಇಳಿಯುತ್ತದೆ. ಇಳಿಯುವ ಹೊತ್ತಿಗೆ ಬಾಯಲ್ಲಿ ಏನಿತ್ತೋ ಅದಕ್ಕೆ ಹೆಸರು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಇಷ್ಟಕ್ಕೇ ಮುಗಿದಿದ್ದರೆ ವೈದ್ಯ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಆದರೆ ಅವನು ಹಟಮಾರಿ. ನನ್ನ ಷರತ್ತು ಏನಾಯಿತು, ಪಥ್ಯ ತಪ್ಪಿದವರನ್ನು ನೋಡಿ ಎಂದ.

ನೋಡಿದರು. ತಪ್ಪು ಒಪ್ಪಿಕೊಂಡ ಮೂವತ್ತಾರು ಜನರಲ್ಲಿ ಹತ್ತೊಂಬತ್ತು ಜನರ ಸೀಸೆಯಲ್ಲಿದ್ದದ್ದು ಬರೀ ಸಕ್ಕರೆ. ಕಿಟಕಿ ಮುಚ್ಚಲು ಮರೆತೆನೆಂದು ಅತ್ತಳಲ್ಲ, ಅವಳದೂ ಸಕ್ಕರೆಯೇ. ಈರುಳ್ಳಿಯ ವಾಸನೆಗೆ ಕೆಡುವುದಕ್ಕೆ ಅವಳ ಸೀಸೆಯಲ್ಲಿ ಏನೂ ಇರಲೇ ಇಲ್ಲ.

ಆದರೂ ವೈದ್ಯ, ಗುಣವಾದವರು ಪಥ್ಯ ಮಾಡಿದ್ದರಿಂದ ಗುಣವಾದರು ತಾನೇ ಎಂದ.

ಆಗ ಸಂಶೋಧಕಿ ತನ್ನ ನೋಟ್‌ಬುಕ್ಕಿನ ಹಾಳೆ ತಿರುಗಿಸಿದಳು. “ನೀವು ಗುಣವಾಗದವರನ್ನು ಮಾತ್ರ ಕೇಳಿದಿರಿ ಡಾಕ್ಟ್ರೇ. ನಾನು ಎಲ್ಲರನ್ನೂ ಕೇಳಿದೆ. ಗುಣವಾದ ಅರವತ್ತೊಂದು ಜನರಲ್ಲಿ ಐವತ್ತೇಳು ಜನ ಪಥ್ಯ ತಪ್ಪಿದ್ದಾರೆ. ಅವರನ್ನು ನೀವು ಕೇಳಲಿಲ್ಲ, ಅವರೂ ನಿಮಗೆ ಹೇಳಲಿಲ್ಲ.”

ವೈದ್ಯ ಮಕ್ಕಳು ಕೂರುವ ಬೆಂಚಿನ ಮೇಲೆ ಕೂತ. ಎಷ್ಟೋ ವರ್ಷಗಳಿಂದ ತಾನು ಯಾರು ಯಾರನ್ನು ಕೇಳಿದ್ದೆ ಎಂದು ನೆನೆದ. ಸೋತು ಬಂದವರನ್ನು ಮಾತ್ರ ಕೇಳಿದ್ದ. ನಗುತ್ತ ಬಂದ ಒಬ್ಬನೇ ಒಬ್ಬನನ್ನು, ನೀನು ಕಾಫಿ ಕುಡಿದೆಯಾ ಎಂದು ಕೇಳಿರಲಿಲ್ಲ. ತಾನು ದಯೆಯೆಂದು ತಿಳಿದದ್ದು ತನ್ನ ಔಷಧಿಯ ಸೋಲನ್ನು ಅವರ ತಲೆಗೆ ಕಟ್ಟುವ ಕೆಲಸವೆಂದು ಆಗ ಅವನಿಗೆ ಕಂಡಿತು. ಆಮೇಲೆ ಹೆಂಡತಿಯ ನೆನಪಾಗಿ ಅವನು ಧಡಕ್ಕನೆ ಎದ್ದ. ಚಪ್ಪಲಿ ಮೆಟ್ಟಲೂ ಮರೆತು ಆ ಬಿಸಿಲಿನಲ್ಲಿ ಮನೆಗೆ ಓಡಿದ.

ಆಕೆ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ವೈದ್ಯ ಅವಳೆದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. “ನಿನ್ನ ತಪ್ಪಿಲ್ಲ ಕಣೇ. ಕರ್ಪೂರದಿಂದ ಏನೂ ಆಗಿಲ್ಲ. ಕೆಡೋದಕ್ಕೆ ಅದರಲ್ಲಿ ಏನೂ ಇರ್ಲಿಲ್ಲ,” ಎಂದ. ಇಪ್ಪತ್ತು ವರ್ಷದ ಭಾರ ಇಳಿದು ಅವಳು ಅತ್ತಾಳು, ಅತ್ತ ಮೇಲೆ ತನ್ನನ್ನು ಕ್ಷಮಿಸಿಯಾಳು ಎಂದು ಕಾದ. ಅಷ್ಟೊಂದು ಜನರನ್ನು ಕ್ಷಮಿಸಿದವನಿಗೆ ಅಷ್ಟು ಆಸೆ ಇರದೇ?

ಆಕೆ ಅಳಲಿಲ್ಲ. ಮೊರವನ್ನು ಪಕ್ಕಕ್ಕೆ ಇಟ್ಟಳು. ಗಂಡನ ಮುಖವನ್ನು ಯಾರೋ ಹೊಸಬರನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಕೇಳಿದಳು:

“ನಾಲ್ಕನೇ ದಿನ ಬೆಳಿಗ್ಗೆ, ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗೋಣ ಅಂತ ನಿಮ್ಮ ಕಾಲು ಹಿಡಿದಿದ್ದೆ. ಅಲ್ಲಿನ ಔಷಧಿ ಹೊಟ್ಟೆಗೆ ಬಿದ್ರೆ ನಮ್ಮದು ಕೆಲಸ ಮಾಡಲ್ಲ ಅಂದ್ರಿ. ಹೋಗಿದ್ರೆ ಮಗು ಉಳೀತಿತ್ತಾ?”

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಮುಂದೆ ಹೋಗಲಿಲ್ಲ. ಬಾಯಿ ಹಾಕಬೇಡ ಎಂದಿದ್ದರೂ ಶಿಷ್ಯನಿಗೆ ತಡೆಯಲಾಗಲಿಲ್ಲ.

“ಅದಕ್ಕೆ ವೈದ್ಯ ಏನಂತ ಉತ್ತರ ಕೊಟ್ಟ ಗುರುಗಳೇ?”

“ಆ ಪ್ರಶ್ನೆಗೆ ಉತ್ತರ ಇದ್ದದ್ದು ಮಗು ಬದುಕಿದ್ದಾಗ ಮಾತ್ರ. ನಿನ್ನ ರೋಗಿಗಳು ಇನ್ನೂ ಬದುಕಿದ್ದಾರೆ,” ಎಂದರು ಗುರುಗಳು.